ಪೋರ್ಚುಗಲ್‌ಗೆ ಒಬ್ಬರೇ ಹೊರಟಾಗ: ಮೊದಲ ಏಕಾಂಗಿ ಯುರೋಪ್ ಪ್ರವಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ಲಿಸ್ಬನ್‌ನ ಅಂಗಡಿಗಳ ಗಾಜಿನ ಬಾಗಿಲ ಮೇಲೆ ಒಂದು ಪದ ಬರೆದಿರುತ್ತದೆ. ಓದಿದರೆ ನಮ್ಮ ಕಿವಿಗೆ ‘ಪುಶ್’ ಎಂದೇ ಕೇಳಿಸುತ್ತದೆ. ಪೋರ್ಚುಗೀಸ್ ಭಾಷೆಯಲ್ಲಿ ಅದರ ಅರ್ಥ ‘ಎಳೆಯಿರಿ’. ಮೊದಲ ದಿನ ಒಂದು ಬೇಕರಿಯ ಬಾಗಿಲನ್ನು ಮೂರು ಸಲ ತಳ್ಳಿ, ಮುಚ್ಚಿದೆ ಎಂದುಕೊಂಡು ತಿರುಗಿದೆ. ಒಳಗಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಒಳಗಿನಿಂದ ಬೆರಳ ತುದಿಯಲ್ಲಿ ತಳ್ಳಿ ತೆರೆದರು. ಜೊತೆಗೆ ಸ್ನೇಹಿತರಿದ್ದಿದ್ದರೆ ನಕ್ಕು ಮುಗಿಸುತ್ತಿದ್ದೆವು. ಒಬ್ಬರೇ ಇದ್ದಾಗ ಹದಿನೆಂಟು ಗಂಟೆ ಪ್ರಯಾಣದ ದಣಿವಿನ ಮೇಲೆ ಇಷ್ಟು ಸಣ್ಣದೂ ಭಾರವಾಗುತ್ತದೆ.

ಒಂಟಿ ಪ್ರವಾಸ ಎಂದೊಡನೆ ಮನೆಯವರು ಕಳ್ಳಕಾಕರ ಮಾತೆತ್ತುತ್ತಾರೆ. ಅದು ಅಷ್ಟು ದೊಡ್ಡ ಸಂಗತಿಯಲ್ಲ. ನಿಜವಾಗಿ ಹೈರಾಣಾಗಿಸುವುದು ತೀರ್ಮಾನಗಳು. ಯಾವ ರೈಲು, ಯಾವ ಬೀದಿ, ಎಲ್ಲಿ ಊಟ, ಈಗ ಕೂರುವುದೋ ನಡೆಯುವುದೋ, ಎಲ್ಲವನ್ನೂ ಬೆಳಗಿನಿಂದ ರಾತ್ರಿಯವರೆಗೆ ನೀವೊಬ್ಬರೇ ಮಾಡಬೇಕು. ಮೂರನೆಯ ದಿನಕ್ಕೆ ತಲೆ ಸೋತುಹೋಗುತ್ತದೆ. ಆದ್ದರಿಂದ ಈ ಬರಹದ ಉದ್ದಕ್ಕೂ ನನ್ನ ಹಟ ಒಂದೇ: ಕೆಲವು ತೀರ್ಮಾನಗಳನ್ನು ಮನೆಯಲ್ಲೇ, ಕಾಫಿ ಕುಡಿಯುತ್ತಾ ಮುಗಿಸಿಬಿಡಿ. ಉಳಿದವನ್ನು ಅಲ್ಲಿಗೆ ಬಿಡಿ.

ಮೊದಲ ತೀರ್ಮಾನ: ಒಂದೇ ದೇಶ

‘ಯುರೋಪಿಗೆ ಹೋಗುತ್ತಿದ್ದೇನೆ’ ಎನ್ನುವವರು ಹತ್ತು ದಿನದಲ್ಲಿ ಐದು ದೇಶ ಸುತ್ತಿ, ರೈಲು ನಿಲ್ದಾಣಗಳ ಫೋಟೊ ತೆಗೆದುಕೊಂಡು ಬರುತ್ತಾರೆ. ಮೊದಲ ಸಲ ಒಬ್ಬರೇ ಹೋಗುವವರಿಗೆ ಅದು ಶಿಕ್ಷೆ. ಒಂದೇ ದೇಶವನ್ನು ಆರಿಸಿಕೊಳ್ಳಿ, ಅದೂ ಸಣ್ಣದನ್ನು. ಪೋರ್ಚುಗಲ್ ನನ್ನ ಆಯ್ಕೆ. ನೋಡಬೇಕಾದ ಊರುಗಳು ಹೆಚ್ಚುಕಡಿಮೆ ಒಂದೇ ರೈಲು ಮಾರ್ಗದ ಮೇಲಿವೆ. ಪಶ್ಚಿಮ ಯುರೋಪಿನ ಲೆಕ್ಕದಲ್ಲಿ ಖರ್ಚು ಕಡಿಮೆ. ನಗರಗಳಲ್ಲಿ ಕಿರಿಯರಿಗೆ ಇಂಗ್ಲಿಷ್ ಬರುತ್ತದೆ. ಇತಿಹಾಸಕ್ಕಂತೂ ಬರವಿಲ್ಲ: 1143ರಲ್ಲಿ ರಾಜ್ಯವಾಗಿ ಎದ್ದು ನಿಂತ ದೇಶವಿದು, 1297ರ ಒಪ್ಪಂದದ ಗಡಿಗಳೇ ಬಹುಪಾಲು ಇಂದಿಗೂ ಉಳಿದಿವೆ.

ನಮಗೆ ಇನ್ನೊಂದು ಕಾರಣವೂ ಉಂಟು. 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ವಾಸ್ಕೊ ಡ ಗಾಮನ ಹಡಗುಗಳು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿದ್ದವು. 1510ರಲ್ಲಿ ಗೋವೆಯನ್ನು ಹಿಡಿಯಲು ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್‌ಗೆ ದಾರಿ ತೋರಿದವನು ಹೊನ್ನಾವರದ ಕಡೆಯ ತಿಮ್ಮಯ್ಯ. ಕೃಷ್ಣದೇವರಾಯನ ವಿಜಯನಗರ ರೋಮ್‌ನಷ್ಟು ದೊಡ್ಡದು ಎಂದು ಬರೆದಿಟ್ಟ ಡೊಮಿಂಗೊ ಪಾಯಿಸ್ ಪೋರ್ಚುಗಲ್‌ನವನು. ನಮ್ಮ ಸಾರಿನ ಮೆಣಸಿನಕಾಯಿ, ಕರಾವಳಿಯ ಗೇರು ಅಮೆರಿಕ ಖಂಡಗಳಿಂದ ಬಂದದ್ದು ಇವರ ಹಡಗುಗಳಲ್ಲೇ. ಲಿಸ್ಬನ್‌ನಲ್ಲಿ ಕೋಣೆಯ ಒಡತಿ ನನ್ನ ಕೈಗೆ ಬೀಗದ ಕೈ ಇಟ್ಟು ‘ಶಾವ್’ ಎಂದರು. ಒಂದು ಕ್ಷಣ ಬೇಕಾಯಿತು. ನಮ್ಮ ‘ಚಾವಿ’! ಆಮೇಲೆ ಕಿಟಕಿ ತೋರಿಸಿ ‘ಜನೆಲಾ’ ಎಂದರು. ಮಂಗಳೂರಿನ ಕಡೆಯವರಿಗೆ ಇದಕ್ಕೆ ಅರ್ಥ ಹೇಳಬೇಕಿಲ್ಲ.

ಎರಡನೆಯದು: ಯಾವಾಗ, ಎಷ್ಟು ದಿನ

ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್–ಅಕ್ಟೋಬರ್. ಜುಲೈ–ಆಗಸ್ಟ್‌ನಲ್ಲಿ ಒಳನಾಡಿನ ಅಲೆಂತೇಜು ಪ್ರಾಂತ್ಯ 40 ಡಿಗ್ರಿ ದಾಟುವುದುಂಟು. ಕಲಬುರಗಿಯ ಬಿಸಿಲು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಚಳಿಗಾಲದಲ್ಲಿ ಉತ್ತರದ ಪೋರ್ಟೊದಲ್ಲಿ ಮಳೆ ಬಿಡದೆ ಹಿಡಿಯುತ್ತದೆ. ಜೂನ್ 12ರ ರಾತ್ರಿ ಲಿಸ್ಬನ್‌ನಲ್ಲಿ ಸಂತ ಅಂತೋನಿಯ ಹಬ್ಬ, 23ರ ರಾತ್ರಿ ಪೋರ್ಟೊದಲ್ಲಿ ಸಂತ ಜುವಾಂವ್ ಹಬ್ಬ. ಎರಡನೆಯದರಲ್ಲಿ ಗುರುತು ಪರಿಚಯವಿಲ್ಲದವರೂ ಪ್ಲಾಸ್ಟಿಕ್ ಸುತ್ತಿಗೆಯಿಂದ ನಿಮ್ಮ ತಲೆಗೆ ಮೊಟಕುತ್ತಾರೆ. ಒಂಟಿಯಾಗಿ ಹೋದವರಿಗೆ ಇಷ್ಟು ಸುಲಭವಾಗಿ ಜನ ಸಿಗುವ ರಾತ್ರಿ ಇನ್ನೊಂದಿಲ್ಲ. ಆದರೆ ಆ ದಿನಗಳ ಕೋಣೆಯನ್ನು ಬಹಳ ಮೊದಲೇ ಹಿಡಿಯಬೇಕು.

ಹನ್ನೊಂದು ರಾತ್ರಿ ಸಾಕು. ಎಂಟಕ್ಕಿಂತ ಕಡಿಮೆಯಾದರೆ ವಿಮಾನದ ಖರ್ಚು ದಂಡ.

ಮೂರನೆಯದು: ಮೂರೇ ಠಿಕಾಣಿ

ಚೀಲ ಬಿಚ್ಚಿ ಕಟ್ಟುವ ಕೆಲಸ ಎರಡೇ ಸಲ ಇರಲಿ. ಲಿಸ್ಬನ್‌ನಲ್ಲಿ ಐದು ರಾತ್ರಿ, ಕೊಯಿಂಬ್ರಾದಲ್ಲಿ ಎರಡು, ಪೋರ್ಟೊದಲ್ಲಿ ನಾಲ್ಕು. ಲಿಸ್ಬನ್‌ನಿಂದ ಒಂದು ದಿನ ಸಿಂತ್ರಾ, ಇನ್ನೊಂದು ದಿನ ಎವೊರಾ ಅಥವಾ ತೊಮಾರ್. ಪೋರ್ಟೊದಿಂದ ಗಿಮಾರಾಯಿಸ್ ಮತ್ತು ಡೌರು ಕಣಿವೆ. ಲಿಸ್ಬನ್‌ನಿಂದ ಕೊಯಿಂಬ್ರಾಕ್ಕೆ ವೇಗದ ರೈಲಿನಲ್ಲಿ ಒಂದೂಮುಕ್ಕಾಲು ಗಂಟೆ, ಅಲ್ಲಿಂದ ಪೋರ್ಟೊಗೆ ಒಂದು ಗಂಟೆಯ ಮೇಲೆ ಸ್ವಲ್ಪ. ಬೆಂಗಳೂರಿನಿಂದ ಮೈಸೂರು, ಮೈಸೂರಿನಿಂದ ಹಾಸನ ಎಂದುಕೊಳ್ಳಿ.

ಎವೊರಾ ಮತ್ತು ತೊಮಾರ್ ಎರಡನ್ನೂ ತುರುಕಬೇಡಿ. ಎವೊರಾದಲ್ಲಿ ಮೊದಲ ಶತಮಾನದ ರೋಮನ್ ದೇವಾಲಯದ ಕಂಬಗಳು ಊರಿನ ನಡುವೆ ನಿಂತಿವೆ. ನಾಲ್ಕು ಹೆಜ್ಜೆ ಆಚೆ ಗೋಡೆ ತುಂಬ ಮನುಷ್ಯರ ಮೂಳೆ, ತಲೆಬುರುಡೆ ಜೋಡಿಸಿದ ಪ್ರಾರ್ಥನಾ ಮಂದಿರ. ‘ಇಲ್ಲಿರುವ ಮೂಳೆಗಳಾದ ನಾವು ನಿಮ್ಮ ಮೂಳೆಗಳಿಗಾಗಿ ಕಾಯುತ್ತಿದ್ದೇವೆ’ ಎಂದು ಬಾಗಿಲ ಮೇಲೆ ಕೆತ್ತಿದ್ದಾರೆ. ಒಬ್ಬರೇ ಹೋದಾಗ ಓದಲು ಅಷ್ಟೇನೂ ಹಿತವಾದ ಸಾಲಲ್ಲ. ತೊಮಾರ್‌ನಲ್ಲಿ ಟೆಂಪ್ಲರ್ ಯೋಧ ಸನ್ಯಾಸಿಗಳು 1160ರಲ್ಲಿ ಆರಂಭಿಸಿದ ಕೋಟೆಮಠ, ಅದರೊಳಗೆ ದುಂಡನೆಯ ಚರ್ಚು. ನನ್ನ ಮತ ತೊಮಾರ್‌ಗೆ. ಜನ ಕಡಿಮೆ, ಕಲ್ಲಿನ ಕೆಲಸ ಹಳೇಬೀಡನ್ನು ಕಂಡ ಕಣ್ಣಿಗೂ ತೃಪ್ತಿ ಕೊಡುತ್ತದೆ. ಅಲ್ಲಿನ, ದೊರೆ ಮಾನುವೆಲ್‌ನ ಕಾಲದ ಶೈಲಿಯ ಕಿಟಕಿಯೊಂದರ ಸುತ್ತ ಹಡಗಿನ ಹಗ್ಗ, ಹವಳ, ಕಡಲ ಗಿಡಗಳೆಲ್ಲ ಕಲ್ಲಾಗಿ ಹೆಣೆದುಕೊಂಡಿವೆ. ಅದರ ಮುಂದೆ ಅರ್ಧ ಗಂಟೆ ನಿಂತಿದ್ದೆ.

ನಾಲ್ಕನೆಯದು: ವೀಸಾ

ಇದೇ ಎಲ್ಲರೂ ಹೆದರುವ ಹಂತ. ಹೆದರಿಕೆಗಿಂತ ಇದಕ್ಕೆ ಬೇಕಾದದ್ದು ಶಿಸ್ತು. ಪೋರ್ಚುಗಲ್ ಷೆಂಗೆನ್ ಒಕ್ಕೂಟದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಿನಲ್ಲಿ. 180 ದಿನಗಳಲ್ಲಿ ಗರಿಷ್ಠ 90 ದಿನ ಇರಬಹುದಾದ ಅಲ್ಪಾವಧಿ ವೀಸಾ ಬೇಕು. ವಯಸ್ಕರಿಗೆ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕಡೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಎಳೆಯುತ್ತದೆ. ಬೇಸಿಗೆ ರಜೆಯ ಮುನ್ನ ಬೆರಳಚ್ಚು ಕೊಡುವ ದಿನಾಂಕ ಸಿಗುವುದೇ ಕಷ್ಟ. ಮೂರು ತಿಂಗಳು ಮೊದಲೇ ದಿನಾಂಕ ಹಿಡಿಯಿರಿ.

ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ನೀವು ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಪುಟ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವಂಥದ್ದು, ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸುವಂಥದ್ದು. ಇವುಗಳ ಜೊತೆಗೆ ಬ್ಯಾಂಕ್ ಲೆಕ್ಕಪತ್ರ, ಆದಾಯ ತೆರಿಗೆ ವಿವರ, ಕಚೇರಿಯಿಂದ ರಜೆಯ ಪತ್ರ, ವಿಮಾನ ಮತ್ತು ವಸತಿಯ ಕಾಯ್ದಿರಿಸುವಿಕೆ, ನಿಮ್ಮದೇ ಒಂದು ವಿವರಣಾ ಪತ್ರ.

ಆ ವಿವರಣಾ ಪತ್ರವನ್ನು ಅಸಡ್ಡೆ ಮಾಡಬೇಡಿ. ಅಂತರ್ಜಾಲದ ಮಾದರಿಯನ್ನು ನಕಲು ಮಾಡಿ ಹೆಸರು ಬದಲಿಸಿದ್ದು ಎರಡನೆಯ ಸಾಲಿಗೇ ಗೊತ್ತಾಗುತ್ತದೆ. ಒಂದು ಪುಟ ಸಾಕು. ನೀವು ಯಾರು, ಏನು ಕೆಲಸ, ಏಕೆ ಈ ದೇಶ, ಯಾವ ರಾತ್ರಿ ಯಾವ ಊರು, ಹಣ ಎಲ್ಲಿಂದ, ಮರಳಿ ಬರಲು ಕಾರಣವೇನು. ಒಬ್ಬರೇ ಹೋಗುವುದಕ್ಕೆ ಸಮಜಾಯಿಷಿ ಬೇಡ, ‘ಒಬ್ಬರೇ ಪ್ರಯಾಣಿಸುತ್ತೇನೆ, ಖರ್ಚು ನನ್ನದೇ’ ಎಂದರೆ ಆಯಿತು. ಪತ್ರದಲ್ಲಿರುವ ರಾತ್ರಿಗಳು, ಹೋಟೆಲ್ ಕಾಗದದ ರಾತ್ರಿಗಳು, ವಿಮೆಯ ದಿನಾಂಕಗಳು ಮೂರೂ ತಾಳೆಯಾಗಬೇಕು. ನನ್ನ ಮೊದಲ ಕರಡಿನಲ್ಲಿ ವಿಮೆ ಒಂದು ದಿನ ಮೊದಲೇ ಮುಗಿಯುತ್ತಿತ್ತು. ಕೊನೆಯ ರಾತ್ರಿಯ ವಿಮಾನ ಮಧ್ಯರಾತ್ರಿ ದಾಟುತ್ತದೆ ಎಂಬುದು ಹೊಳೆದೇ ಇರಲಿಲ್ಲ. ಬ್ಯಾಂಕ್ ಖಾತೆಗೆ ಅರ್ಜಿಯ ಹಿಂದಿನ ವಾರ ದಿಢೀರನೆ ದೊಡ್ಡ ಮೊತ್ತ ಹಾಕಿಸುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಅದು ಸಾಲ ತಂದು ತೋರಿಸಿದಂತೆಯೇ ಕಾಣುತ್ತದೆ.

ಕೋಣೆಗಳನ್ನು ಉಚಿತವಾಗಿ ರದ್ದು ಮಾಡಬಹುದಾದ ಕರಾರಿನಲ್ಲಿ ಹಿಡಿಯಿರಿ. ವೀಸಾ ಕೈಗೆ ಬಂದ ಮೇಲೆ ಪೋರ್ಚುಗಲ್ ಬಿಟ್ಟು ಬೇರೆ ದೇಶದಲ್ಲಿ ದಿನ ಕಳೆಯುವ ಜಾಣತನ ಮಾತ್ರ ಬೇಡ. ಮುಂದಿನ ಸಲ ಅದು ನಿಮ್ಮನ್ನೇ ಕಾಡುತ್ತದೆ. ಸರಿಯಾಗಿ ಬಳಸಿದವರಿಗೆ ಲಾಭವಿದೆ: ಭಾರತೀಯರಿಗೆ 2024ರಿಂದ ಬಂದ ನಿಯಮದಂತೆ, ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಕಾನೂನುಬದ್ಧವಾಗಿ ಬಳಸಿದ್ದರೆ ಎರಡು ವರ್ಷದ ವೀಸಾಕ್ಕೆ ದಾರಿ ತೆರೆಯುತ್ತದೆ.

ಐದನೆಯದು: ವಿಮಾನ ಮತ್ತು ಕೋಣೆ

ಹೋಗುವುದು ಲಿಸ್ಬನ್‌ಗೆ, ಬರುವುದು ಪೋರ್ಟೊದಿಂದ. ಟಿಕೆಟ್ ಹುಡುಕುವಾಗ ‘ಹಲವು ನಗರ’ ಎಂಬ ಆಯ್ಕೆಯಲ್ಲಿ ನೋಡಿದರೆ ಬೆಲೆ ಸಾಮಾನ್ಯವಾಗಿ ಹೋಗಿಬರುವ ಟಿಕೆಟಿನ ಆಸುಪಾಸಿನಲ್ಲೇ ಇರುತ್ತದೆ. ಅದೇ ದಾರಿಯಲ್ಲಿ ಹಿಂದಿರುಗುವ ಒಂದು ದಿನ ಉಳಿಯಿತು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಮ್ಯೂನಿಕ್, ಪ್ಯಾರಿಸ್‌ನಂಥ ಕಡೆ ವಿಮಾನ ಬದಲಿಸಿದರೆ ವಲಸೆ ತಪಾಸಣೆ ಅಲ್ಲೇ ಆಗುತ್ತದೆ. ಎರಡು ವಿಮಾನಗಳ ನಡುವೆ ಎರಡೂವರೆ ಗಂಟೆಯಾದರೂ ಇರಲಿ. 2025ರ ಅಕ್ಟೋಬರ್ 12ರಿಂದ ಗಡಿಗಳಲ್ಲಿ ಬೆರಳಚ್ಚು, ಮುಖಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಮೊದಲ ಸಲದವರಿಗೆ ಹೊತ್ತು ಹಿಡಿಯುತ್ತದೆ. ಹೋಟೆಲ್, ಮರಳುವ ಟಿಕೆಟ್, ವಿಮೆ ಮೂರರ ಮುದ್ರಿತ ಪ್ರತಿ ಕೈಚೀಲದಲ್ಲಿರಲಿ. ಅಧಿಕಾರಿ ಕೇಳಿದಾಗ ಮೊಬೈಲ್ ಬ್ಯಾಟರಿ ಸತ್ತಿರುವುದು ಕಥೆಯಲ್ಲ, ನಿತ್ಯ ನಡೆಯುವ ಸಂಗತಿ.

ಲಿಸ್ಬನ್‌ಗೆ ಹಗಲಿನಲ್ಲೇ ಇಳಿಯುವ ವಿಮಾನ ಆರಿಸಿ. ಇದೊಂದಕ್ಕೆ ಐದಾರು ಸಾವಿರ ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ.

ಕೋಣೆಯ ಮಾತು. ಅಲ್ಫಾಮಾ ಲಿಸ್ಬನ್‌ನ ಅತಿ ಚೆಂದದ ಹಳೆಯ ಪೇಟೆ, ಫೋಟೊ ನೋಡಿ ಎಲ್ಲರೂ ಅಲ್ಲೇ ಕೋಣೆ ಹಿಡಿಯುತ್ತಾರೆ. ಆಮೇಲೆ ಇಪ್ಪತ್ತು ಕಿಲೊ ಪೆಟ್ಟಿಗೆಯನ್ನು ಮೆಟ್ಟಿಲ ಬೀದಿಯಲ್ಲಿ ಎಳೆಯುವಾಗ ಗಾಲಿಗಳು ಕಟಕಟ ಎನ್ನುವ ಸದ್ದು ಇಡೀ ಓಣಿಗೆ ಕೇಳಿಸುತ್ತದೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದಿಲ್ಲ, ‘ಮೂರನೆಯ ಮಹಡಿ’ ಎಂದರೆ ನೆಲಮಹಡಿ ಬಿಟ್ಟು ಮೂರು. ಮೊದಲ ಸಲದವರು ಬೈಶಾ ಅಥವಾ ಹಸಿರು ಮೆಟ್ರೊ ಮಾರ್ಗದ ಅಂಜುಸ್, ಅರೋಯುಸ್ ಕಡೆ ಹಿಡಿಯಿರಿ. ಒಳ್ಳೆಯ ಹಾಸ್ಟೆಲ್‌ಗಳು ಇಲ್ಲಿ ಧಾರಾಳ. ಕೆಲವು ರಾತ್ರಿ ಹಾಸ್ಟೆಲ್, ಕೆಲವು ರಾತ್ರಿ ಸ್ವಂತ ಕೋಣೆ ಎಂದು ಬೆರೆಸಿದರೆ ಮಾತಿಗೂ ಜನ, ನಿದ್ದೆಗೂ ಜಾಗ. ಊರಿನ ಪ್ರವಾಸಿ ತೆರಿಗೆ ಬೇರೆ: ಲಿಸ್ಬನ್‌ನಲ್ಲಿ ರಾತ್ರಿಗೆ 4 ಯೂರೊ, ಪೋರ್ಟೊದಲ್ಲಿ 3. ಹೋಟೆಲಿನವರು ಕೇಳಿದಾಗ ಮೋಸ ಎಂದು ಜಗಳಕ್ಕೆ ನಿಲ್ಲಬೇಡಿ.

ಆರನೆಯದು: ಹಣ, ಮೊಬೈಲ್, ಚೀಲ

ಒಂದು ವಿದೇಶ ವಿನಿಮಯ ಕಾರ್ಡ್, ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡ್, ಇನ್ನೂರು ಯೂರೊ ನಗದು. ಮೂರನ್ನೂ ಒಂದೇ ಪರ್ಸಿನಲ್ಲಿ ಇಡಬೇಡಿ. ಹಣ ತೆಗೆಯಲು ‘ಮುಲ್ತಿಬಾಂಕು’ ಎಂಬ ನೀಲಿ ಗುರುತಿನ ಯಂತ್ರ ಹುಡುಕಿ. ಪ್ರವಾಸಿ ಬೀದಿಗಳ ಥಳುಕಿನ ಯಂತ್ರಗಳು ದುಬಾರಿ. ‘ರೂಪಾಯಿಯಲ್ಲಿ ಕಳೆಯಲೇ, ಯೂರೊದಲ್ಲೇ?’ ಎಂದು ಯಂತ್ರ ಕೇಳಿದರೆ ಯಾವಾಗಲೂ ಯೂರೊ ಎನ್ನಿ. ರೂಪಾಯಿಯ ಪರಿಚಿತ ಚಿಹ್ನೆ ಕಂಡು ಕರಗಿದರೆ ವಿನಿಮಯ ದರದಲ್ಲಿ ಸೋತಿರಿ.

ನಮ್ಮ ದುಂಡು ಕಡ್ಡಿಯ ಎರಡು ಪಿನ್ ಚಾರ್ಜರ್ ಅಲ್ಲಿ ನೇರವಾಗಿ ಕೂರುತ್ತದೆ, ಮೂರು ಪಿನ್ನಿನದು ಕೂರುವುದಿಲ್ಲ. ಇ-ಸಿಮ್ ಇಲ್ಲಿಂದಲೇ ಹಾಕಿಕೊಂಡು ಹೋಗಿ. ಬೇಸಿಗೆಯಲ್ಲಿ ಲಿಸ್ಬನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಅಲ್ಲಿ ಸಂಜೆ ಐದಕ್ಕೆ ಕರೆ ಮಾಡಿದರೆ ಮನೆಯಲ್ಲಿ ರಾತ್ರಿ ಊಟ ಮುಗಿದಿರುತ್ತದೆ. ದಿನಕ್ಕೊಂದು ಹೊತ್ತು ಗೊತ್ತು ಮಾಡಿಕೊಳ್ಳಿ, ಇಲ್ಲವಾದರೆ ಅಮ್ಮನಿಗೆ ನಿದ್ದೆ ಇಲ್ಲ, ನಿಮಗೆ ನೆಮ್ಮದಿ ಇಲ್ಲ.

ಚೀಲದ ಬಗ್ಗೆ ಎರಡು ಮಾತು. ಮೊದಲನೆಯದು ಬೂಟು. ಪೋರ್ಚುಗಲ್‌ನ ಪಾದಚಾರಿ ದಾರಿಗಳೆಲ್ಲ ಕೈಯಿಂದ ಕೂರಿಸಿದ ಸಣ್ಣ ಸುಣ್ಣಕಲ್ಲಿನ ತುಂಡುಗಳು. ವರ್ಷಗಳ ಓಡಾಟಕ್ಕೆ ಕನ್ನಡಿಯಂತೆ ನುಣುಪಾಗಿವೆ. ಒಂದು ಹನಿ ಮಳೆ ಬಿದ್ದರೆ ಎಣ್ಣೆ ಸುರಿದ ಅಡುಗೆಮನೆಯಂತೆ. ಇಳಿಜಾರಿನಲ್ಲಿ ನಾನು ಜಾರಿ ಕುಳಿತದ್ದು ಒಂದು ಹೂವಿನ ಅಂಗಡಿಯ ಮುಂದೆ, ಬೂಟಿನ ಅಟ್ಟೆ ಸವೆದಿತ್ತು. ಹಿಡಿತವಿರುವ ಅಟ್ಟೆಯ ಬೂಟು ಒಯ್ಯಿರಿ, ಮತ್ತೇನು ಮರೆತರೂ ಸರಿ. ಎರಡನೆಯದು ತಿಂಡಿ. ಯುರೋಪ್ ಒಕ್ಕೂಟದೊಳಗೆ ಹೊರಗಿನಿಂದ ಹಾಲು ಮತ್ತು ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಧಾರವಾಡ ಪೇಡ, ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಧಾರಾಳವಾಗಿ ಒಯ್ಯಬಹುದು.

ಲಿಸ್ಬನ್‌ನ ಐದು ರಾತ್ರಿ

ಮೊದಲ ದಿನಕ್ಕೆ ಯಾವ ಯೋಜನೆಯೂ ಬೇಡ. ವಿಮಾನ ನಿಲ್ದಾಣದಿಂದಲೇ ಮೆಟ್ರೊ ಇದೆ. ಯಂತ್ರದಲ್ಲಿ ಅರ್ಧ ಯೂರೊ ಕೊಟ್ಟು ಕಾರ್ಡ್ ಕೊಂಡು ಹಣ ತುಂಬಿಸಿದರೆ ಮೆಟ್ರೊ, ಟ್ರಾಮ್, ಸಿಂತ್ರಾ ರೈಲು ಎಲ್ಲಕ್ಕೂ ಆಗುತ್ತದೆ. ಕೋಣೆ ಸೇರಿ, ಸ್ನಾನ ಮಾಡಿ, ತೇಜು ನದಿಯ ದಂಡೆಗೆ ನಡೆದು ಬನ್ನಿ. ಅಷ್ಟೇ.

ಎರಡನೆಯ ದಿನ ಊರಿನ ನಡುಭಾಗ. ಇಲ್ಲಿ ಒಂದು ದಿನಾಂಕ ತಲೆಯಲ್ಲಿರಲಿ: 1755ರ ನವೆಂಬರ್ 1. ಸಕಲ ಸಂತರ ಹಬ್ಬ, ಜನರೆಲ್ಲ ಚರ್ಚುಗಳಲ್ಲಿದ್ದರು. ಭೂಮಿ ನಡುಗಿತು, ಚಾವಣಿಗಳು ಕುಸಿದವು. ಬಯಲಿಗಾಗಿ ನದಿಯ ಕಡೆ ಓಡಿದವರ ಮೇಲೆ ಸುನಾಮಿ ಬಂತು. ಉರುಳಿದ ಮೇಣದಬತ್ತಿಗಳು, ಒಲೆಗಳಿಂದ ಹತ್ತಿದ ಬೆಂಕಿ ದಿನಗಟ್ಟಲೆ ಉರಿಯಿತು. ಕಾರ್ಮು ಮಠದ ಚಾವಣಿಯನ್ನು ಮತ್ತೆ ಪೂರ್ತಿ ಕಟ್ಟಲೇ ಇಲ್ಲ. ಇಂದು ಅದರ ಕಮಾನುಗಳ ನಡುವೆ ನಿಂತು ತಲೆಯೆತ್ತಿದರೆ ಕಾಣುವುದು ಆಕಾಶ. ಅಲ್ಲಿಂದ ಇಳಿದರೆ ಬೈಶಾ, ನೇರ ಗೆರೆ ಎಳೆದಂಥ ಬೀದಿಗಳು. ಮಂತ್ರಿ ಪೊಂಬಾಲ್ ಅವಶೇಷಗಳನ್ನು ಬಗೆದು ಹೊಸದಾಗಿ ಕಟ್ಟಿಸಿದ ಪೇಟೆ ಇದು. ಗೋಡೆಗಳೊಳಗೆ ಪಂಜರದಂತೆ ಮರದ ಚೌಕಟ್ಟು ಹುದುಗಿಸಿದರು. ನೆಲ ನಡುಗಿದರೆ ಮರ ಬಳುಕಲಿ, ಗೋಡೆ ಕುಸಿಯದಿರಲಿ ಎಂದು. ಮಾದರಿಯ ಸುತ್ತ ಸೈನಿಕರನ್ನು ಕವಾಯತು ಮಾಡಿಸಿ ಪರೀಕ್ಷಿಸಿದರೆಂದು ಹೇಳುತ್ತಾರೆ. ಭೂಕಂಪವನ್ನು ಗಮನದಲ್ಲಿಟ್ಟುಕೊಂಡು ಇಡೀ ಪೇಟೆ ಕಟ್ಟಿದ ಮೊದಲ ಪ್ರಯತ್ನಗಳಲ್ಲಿ ಇದೊಂದು. ಭೂಕಂಪದಲ್ಲಿ ಬಹುಪಾಲು ಉಳಿದುಕೊಂಡ ಅಲ್ಫಾಮಾದ ಡೊಂಕು ಓಣಿಗಳನ್ನು ಆಮೇಲೆ ನೋಡಿ. ಎರಡು ಊರುಗಳ ನಡುವೆ ಹದಿನೈದು ನಿಮಿಷದ ನಡಿಗೆ.

ಮೂರನೆಯ ದಿನ ನದಿ ದಂಡೆಯ ಬೆಲೆಂ ಬಡಾವಣೆ. ಸೋಮವಾರ ಬೇಡ. ಜೆರೋನಿಮೋಸ್ ಮಠದ ಪ್ರಾಕಾರ ಅಂದು ಮುಚ್ಚಿರುತ್ತದೆ. ಇದನ್ನು ಎಲ್ಲೆಡೆ ಬರೆದಿದ್ದಾರೆ, ಆದರೂ ಸೋಮವಾರವೇ ಹೋಗಿ ಬಾಗಿಲು ನೋಡಿ ಬಂದವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಟಿಕೆಟ್ ಆನ್‌ಲೈನಿನಲ್ಲಿ ಕೊಂಡು ಬೆಳಿಗ್ಗೆ ಮೊದಲ ಸರದಿಗೇ ಹೋಗಿ. ಈ ಮಠ ಎದ್ದದ್ದು ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಸುಂಕದ ಹಣದಿಂದ. ಅದರಲ್ಲಿ ಕರಿಮೆಣಸಿನ ಪಾಲು ದೊಡ್ಡದು. ಪಶ್ಚಿಮಘಟ್ಟದ ಬಳ್ಳಿಯಲ್ಲಿ ಬೆಳೆದದ್ದು ಇಲ್ಲಿ ಕಲ್ಲಿನ ಹೂವಾಗಿದೆ. ಚರ್ಚಿನ ಬಾಗಿಲ ಒಳಗೆ ಎಡಬಲದಲ್ಲಿ ಎರಡು ಸಮಾಧಿ: ವಾಸ್ಕೊ ಡ ಗಾಮ ಮತ್ತು ಕವಿ ಕಮೋಯಿಸ್. ಗಾಮ 1524ರಲ್ಲಿ ಸತ್ತದ್ದು ಕೊಚ್ಚಿಯಲ್ಲಿ. ಅಸ್ಥಿ ಪೋರ್ಚುಗಲ್‌ಗೆ ಮರಳಿ, ಈ ಮಠಕ್ಕೆ ಬಂದದ್ದು 1880ರಲ್ಲಿ. ಗುಂಪಿನ ಜೊತೆ ಹೋದರೆ ಮಾರ್ಗದರ್ಶಿ ಎರಡು ನಿಮಿಷದಲ್ಲಿ ಮುಂದೆ ಕರೆದೊಯ್ಯುತ್ತಾನೆ. ಒಬ್ಬರೇ ಹೋದ ಭಾಗ್ಯವೆಂದರೆ ಇಲ್ಲಿ ಬೇಕಾದಷ್ಟು ಹೊತ್ತು ನಿಂತು, ಏನನ್ನಿಸಬೇಕೆಂದು ಯಾರ ಅಪ್ಪಣೆಗೂ ಕಾಯದೆ ಇರಬಹುದು. ನನಗೆ ಬಂದದ್ದು ಭಕ್ತಿಯೂ ಅಲ್ಲ, ಸಿಟ್ಟೂ ಅಲ್ಲ. ಹೊರಗೆ ನದಿ ದಂಡೆಯಲ್ಲಿ 1960ರ ಅನ್ವೇಷಕರ ಸ್ಮಾರಕವಿದೆ, 33 ಮೂರ್ತಿಗಳು ಕಡಲ ಕಡೆ ಮುಖ ಮಾಡಿವೆ. ದಾರಿ ತೋರಿದ ತಿಮ್ಮಯ್ಯ ಅದರಲ್ಲಿಲ್ಲ.

ಬೆಲೆಂ ಗೋಪುರದ ಹೊರಗೋಡೆಯಲ್ಲಿ ಮಳೆಗಾಳಿಗೆ ಸವೆದ ಘೇಂಡಾಮೃಗದ ತಲೆಯೊಂದಿದೆ. ಗುಜರಾತಿನ ಸುಲ್ತಾನನಿಂದ ಉಡುಗೊರೆಯಾಗಿ ಬಂದ ಪ್ರಾಣಿಯೊಂದು 1515ರಲ್ಲಿ ಲಿಸ್ಬನ್‌ನಲ್ಲಿ ಇಳಿದಾಗ ಊರೇ ಬೆರಗಾಗಿತ್ತು. ಗೋಪುರ 2025ರಲ್ಲಿ ದುರಸ್ತಿಗೆಂದು ಮುಚ್ಚಿತ್ತು. ಒಳಗೆ ಹೋಗುವ ಆಸೆಯಿದ್ದರೆ ಹೊರಡುವ ಮುನ್ನ ವಿಚಾರಿಸಿ. ಹೊರಗಿನಿಂದ ನೋಡಿದರೂ ನಷ್ಟವಿಲ್ಲ.

ನಾಲ್ಕನೆಯ ದಿನ ಸಿಂತ್ರಾ, ರೊಸ್ಸಿಯು ನಿಲ್ದಾಣದಿಂದ ರೈಲಿನಲ್ಲಿ 40 ನಿಮಿಷ. ಪೆನಾ ಅರಮನೆಗೆ ನಿಗದಿತ ಹೊತ್ತಿನ ಟಿಕೆಟ್ ಇರುತ್ತದೆ. ಟಿಕೆಟಿನಲ್ಲಿರುವುದು ಅರಮನೆ ಬಾಗಿಲಿನ ಹೊತ್ತು, ಉದ್ಯಾನದ ಗೇಟಿನದಲ್ಲ. ಗೇಟಿನಿಂದ ಮೇಲೆ ಹತ್ತಲು ಅರ್ಧ ಗಂಟೆ ಇಟ್ಟುಕೊಳ್ಳಿ. ಲಿಸ್ಬನ್‌ನಲ್ಲಿ ಬಿಸಿಲಿದ್ದರೂ ಇಲ್ಲಿ ಮಡಿಕೇರಿಯ ಮಂಜು ಇಳಿದಿರಬಹುದು. ಒಂದು ಮೇಲಂಗಿ ಜೊತೆಗಿರಲಿ. ಅರಮನೆಯೊಂದು, ಮುಸ್ಲಿಂ ದೊರೆಗಳ ಕಾಲದ ಮೂರಿಶ್ ಕೋಟೆಯೊಂದು, ಸಾಕು. ನಾಲ್ಕು ತಾಣ ಮುಗಿಸಿದವರನ್ನು ಸಂಜೆಯ ರೈಲಿನಲ್ಲಿ ನೋಡಿದ್ದೇನೆ, ಯಾರ ಮುಖದಲ್ಲೂ ನಗುವಿರಲಿಲ್ಲ.

ಐದನೆಯ ದಿನ ತೊಮಾರ್ ಅಥವಾ ಎವೊರಾಕ್ಕೆ. ಆರನೆಯ ದಿನ ಬೆಳಿಗ್ಗೆ, ಕೊಯಿಂಬ್ರಾ ರೈಲು ಹಿಡಿಯುವ ಮುನ್ನ, ಲಿಸ್ಬನ್‌ನ ಮುಖ್ಯ ಚರ್ಚಿನ ಬಳಿಯ ಅಲ್ಜುಬೆ ವಸ್ತುಸಂಗ್ರಹಾಲಯಕ್ಕೆ ಹೋಗಿ. ಸಲಜಾರ್‌ನ ಸರ್ವಾಧಿಕಾರದ ಕಾಲದಲ್ಲಿ ಇದು ರಾಜಕೀಯ ಕೈದಿಗಳ ಸೆರೆಮನೆ. ಒಬ್ಬ ಮನುಷ್ಯ ಮಲಗಿದರೆ ತುಂಬಿಹೋಗುವ ಕತ್ತಲ ಕೋಣೆಗಳ ಪ್ರತಿಕೃತಿ ಇಟ್ಟಿದ್ದಾರೆ. 1961ರಲ್ಲಿ ಗೋವಾ ಬಿಟ್ಟುಕೊಡಲು ಒಪ್ಪದಿದ್ದ ಅದೇ ಆಡಳಿತ 1974ರ ಏಪ್ರಿಲ್ 25ರಂದು ಬಿದ್ದದ್ದು ಸೈನಿಕರ ಬಂದೂಕಿನ ನಳಿಗೆಗೆ ಜನ ಕಾರ್ನೇಷನ್ ಹೂವು ಸಿಕ್ಕಿಸಿದ ಕ್ರಾಂತಿಯಲ್ಲಿ. ಅರಮನೆ, ಮಠಗಳ ದೇಶಕ್ಕೆ ಇತಿಹಾಸ 1500ರಲ್ಲೇ ನಿಂತಿಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ.

ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಇದು ಮೀನಿನ ದೇಶ. ಒಣಗಿಸಿದ ಕಾಡ್ ಮೀನನ್ನು ವರ್ಷದ ಪ್ರತಿದಿನಕ್ಕೊಂದು ಬಗೆಯಲ್ಲಿ ಬೇಯಿಸುತ್ತೇವೆಂದು ಜಂಭ ಕೊಚ್ಚುತ್ತಾರೆ. ಮೀನು ತಿನ್ನುವ ಕರಾವಳಿಯವರಿಗೆ ಹಬ್ಬ. ಸಸ್ಯಾಹಾರಿಗಳು ಒಂದು ವಾಕ್ಯ ಕಲಿಯಲೇಬೇಕು: ‘ನಾಂವ್ ಕೊಮು ಕಾರ್ನ್ ನೆಂ ಪೈಶ್’, ಅಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ. ಬರೀ ‘ಮಾಂಸ ಬೇಡ’ ಎಂದರೆ ಮೀನು ಬರುತ್ತದೆ. ಹಸಿರು ಸೊಪ್ಪಿನ ಸಾರು ‘ಕಾಲ್ದು ವೆರ್ದ್’ ಕಂಡು ಸಂತೋಷಪಡುವ ಮುನ್ನ ಅದರಲ್ಲಿ ತೇಲುವ ಹಂದಿಮಾಂಸದ ಬಿಲ್ಲೆಯ ಬಗ್ಗೆ ಕೇಳಿ. ಪ್ರಸಿದ್ಧವಾದ ‘ಪಾಶ್ಟೆಲ್ ದ ನಾಟಾ’ ಮೊಟ್ಟೆಯ ಹಳದಿಯದೇ ಸಿಹಿ. ಬೆಲೆಂನ ಅಂಗಡಿಯೊಂದು 1837ರಿಂದ ಅದನ್ನೇ ಮಾರುತ್ತಿದೆ.

ಹೊಟ್ಟೆ ಅನ್ನ ಬೇಡಿದ ದಿನ ಲಿಸ್ಬನ್‌ನ ಮಾರ್ತಿಂ ಮೊನಿಸ್ ಚೌಕಕ್ಕೆ ಹೋಗಿ, ಸುತ್ತಲಿನ ಬೀದಿಗಳಲ್ಲಿ ದಕ್ಷಿಣ ಏಷ್ಯಾದವರ ಹೋಟೆಲ್, ಕಿರಾಣಿ ಅಂಗಡಿಗಳಿವೆ. ಲುಮಿಯಾರ್ ಕಡೆ ರಾಧಾಕೃಷ್ಣ ಮಂದಿರವಿದೆ. ಕಟ್ಟಿದವರಲ್ಲಿ ಮೊಜಾಂಬಿಕ್‌ನಿಂದ ಬಂದ ಗುಜರಾತಿ ಮೂಲದವರು ಹೆಚ್ಚು. ಅಲ್ಲಿನ ಭೋಜನಶಾಲೆಯಲ್ಲಿ ಸಸ್ಯಾಹಾರಿ ಊಟ ಸಿಗುತ್ತದೆ.

ಕುಳಿತ ತಕ್ಷಣ ಕೇಳದೆಯೇ ಬ್ರೆಡ್, ಆಲಿವ್, ಬೆಣ್ಣೆ ತಂದಿಡುತ್ತಾರೆ. ಉಪಚಾರವಲ್ಲ, ಬಿಲ್ಲಿಗೆ ಸೇರುತ್ತದೆ. ಬೇಡವಾದರೆ ಮುಟ್ಟದೆ ಮರಳಿಸಿ, ಯಾರೂ ಬೇಸರಿಸುವುದಿಲ್ಲ. ಮಧ್ಯಾಹ್ನದ ‘ದಿನದ ಊಟ’ ಅಗ್ಗ, ತಾಜಾ. ಒಬ್ಬರೇ ಇರುವವರು ಮುಖ್ಯ ಊಟವನ್ನು ಮಧ್ಯಾಹ್ನಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು. ರಾತ್ರಿ ಜೋಡಿಗಳಿಂದ ತುಂಬಿದ ಹೋಟೆಲಿನಲ್ಲಿ ಒಂಟಿ ಮೇಜಿಗೆ ಕಾಯುವ ಮುಜುಗರ ತಪ್ಪುತ್ತದೆ. ನಮ್ಮ ಕಾಫಿಯ ನೆನಪಾದರೆ ‘ಮೇಯಾ ದ ಲೈಟ್’ ಕೇಳಿ. ಫಿಲ್ಟರ್ ಕಾಫಿಯಲ್ಲ, ಆದರೆ ದುಃಖ ಮರೆಸುತ್ತದೆ.

ಉತ್ತರಕ್ಕೆ

ದೂರದ ರೈಲುಗಳ ಟಿಕೆಟ್ ವಾರಗಳ ಮೊದಲೇ ಕೊಂಡರೆ ಒಳ್ಳೆಯ ರಿಯಾಯಿತಿ. ‘ಗ್ರೆವ್’ ಎಂಬ ಪದ ಕಲಿತಿರಿ, ಮುಷ್ಕರ ಎಂದರ್ಥ. ರೈಲು ನೌಕರರ ಮುಷ್ಕರ ಅಲ್ಲಿ ಅಪರೂಪವಲ್ಲ, ಮೊದಲೇ ಘೋಷಿಸುತ್ತಾರೆ. ಅಂಥ ದಿನ ದೂರದ ಬಸ್ಸುಗಳೇ ಗತಿ. ಮರಳುವ ವಿಮಾನದ ಹಿಂದಿನ ದಿನ ರೈಲು ಪ್ರಯಾಣ ಇರದಂತೆ ನೋಡಿಕೊಳ್ಳಿ.

ಕೊಯಿಂಬ್ರಾ 1290ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಊರು. ಜುವಾನಿನಾ ಗ್ರಂಥಾಲಯಕ್ಕೆ ಹೊತ್ತು ನಿಗದಿಯ ಟಿಕೆಟ್. ಚಿನ್ನದ ಲೇಪದ ಕಪಾಟುಗಳ ಹಿಂದೆ ಬಾವಲಿಗಳ ಸಂಸಾರವಿದೆ. ರಾತ್ರಿ ಹೊರಬಂದು ಪುಸ್ತಕ ತಿನ್ನುವ ಹುಳುಗಳನ್ನು ಹಿಡಿಯುತ್ತವೆ, ಅವುಗಳ ಹಿಕ್ಕೆ ಬೀಳದಂತೆ ಸಿಬ್ಬಂದಿ ಪ್ರತಿ ಸಂಜೆ ಮೇಜುಗಳಿಗೆ ಚರ್ಮದ ಹೊದಿಕೆ ಹಾಸುತ್ತಾರೆ. ಸಂಜೆ ‘ಫಾದು’ ಎಂಬ ಪೋರ್ಚುಗಲ್‌ನ ವಿಷಾದದ ಹಾಡು ಕೇಳಿ. ಲಿಸ್ಬನ್‌ನ ಫಾದುಗೆ ಚಪ್ಪಾಳೆ, ಕೊಯಿಂಬ್ರಾದ್ದಕ್ಕೆ ಸಂಪ್ರದಾಯದ ಮೆಚ್ಚುಗೆ ಗಂಟಲು ಸರಿಪಡಿಸಿಕೊಳ್ಳುವ ಕೆಮ್ಮು. ಎರಡೂ ಕಡೆ ಹಾಡುವಾಗ ಪಿಸುಮಾತೂ ಕೂಡದು. ಒಬ್ಬರೇ ಇದ್ದರೆ ಆ ಅಪಾಯ ಹೇಗೂ ಇಲ್ಲ.

ಪೋರ್ಟೊದಲ್ಲಿ ಸಾಂವ್ ಬೆಂತು ನಿಲ್ದಾಣದ ಒಳಗೋಡೆಯ ಸುಮಾರು 20,000 ನೀಲಿ ಹೆಂಚುಗಳನ್ನು ಉಚಿತವಾಗಿ ನೋಡಬಹುದು. ಪುಸ್ತಕದಂಗಡಿಯೊಂದರ ಮುಂದಿನ ಉದ್ದ ಸಾಲಿಗೆ ಸೇರಬೇಕೇ ಎಂಬುದು ನಿಮಗೆ ಬಿಟ್ಟದ್ದು, ನಾನು ಸೇರಲಿಲ್ಲ. ಆ ಹೊತ್ತಿನಲ್ಲಿ 1886ರ ಲೂಯಿಸ್ ಸೇತುವೆಯ ಮೇಲಿನ ಅಂತಸ್ತಿನಲ್ಲಿ ನಡೆದು ಡೌರು ನದಿಯ ಮೇಲೆ ಸೂರ್ಯ ಇಳಿಯುವುದನ್ನು ನೋಡಿದೆ. ಗಿಮಾರಾಯಿಸ್ ಮೊದಲ ದೊರೆ ಅಫೊನ್ಸು ಎನ್ರಿಕೆಸ್‌ನ ಊರು. ‘ಪೋರ್ಚುಗಲ್ ಹುಟ್ಟಿದ್ದು ಇಲ್ಲಿ’ ಎಂದು ಹಳೆಯ ಗೋಡೆಯ ಮೇಲೆ ಬರೆದುಕೊಂಡಿದ್ದಾರೆ. ಡೌರು ಕಣಿವೆಯ ಪಿನ್ಯಾಂವ್‌ಗೆ ರೈಲಿನಲ್ಲಿ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ, ನದಿ ಆ ಕಡೆಗೇ ಸಿಗುತ್ತದೆ.

ಒಬ್ಬರೇ ಇರುವಾಗಿನ ಎಚ್ಚರ

ಹಿಂಸೆಯ ಭಯ ಇಲ್ಲಿ ಕಡಿಮೆ, ಜೇಬುಗಳ್ಳರ ಭಯ ನಿಜ. ಲಿಸ್ಬನ್‌ನ 28ನೇ ಸಂಖ್ಯೆಯ ಟ್ರಾಮ್ ಅವರ ಕಚೇರಿ. ಬೆಳಿಗ್ಗೆ ಎಂಟರೊಳಗೆ ಹತ್ತಿ, ಇಲ್ಲವೇ ಅದೇ ದಾರಿಯಲ್ಲಿ ನಡೆಯಿರಿ. ಬೈಶಾದಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಪಿಸುಗುಟ್ಟುತ್ತಾ ಮಾದಕವಸ್ತು ಮಾರಲು ಬಂದರೆ ನಿಲ್ಲದೆ, ನೋಡದೆ ಮುಂದೆ ನಡೆಯಿರಿ. ಅವರು ಮಾರುವುದು ಬಹುಪಾಲು ನಕಲಿ ಸರಕು. ತುರ್ತಿಗೆ 112. ಪಾಸ್‌ಪೋರ್ಟ್ ಕೋಣೆಯಲ್ಲಿ ಭದ್ರವಾಗಿರಲಿ, ಅದರ ಪ್ರತಿ ಜೇಬಿನಲ್ಲಿರಲಿ. ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಲಿಸ್ಬನ್‌ನ ಭಾರತೀಯ ರಾಯಭಾರ ಕಚೇರಿ.

ಮಹಿಳೆಯರಿಗೆ ಒಂದು ಮಾತು: ರಾತ್ರಿ ಹನ್ನೊಂದಕ್ಕೆ ಒಬ್ಬರೇ ನಡೆಯುವ ಹೆಂಗಸರು ಅಲ್ಲಿ ಸಾಮಾನ್ಯ ದೃಶ್ಯ. ಬಾರುಗಳ ಗದ್ದಲದ ಬಾಯ್ರು ಆಲ್ತುವಿನ ಬೀದಿಗಳಿಂದ ತಡರಾತ್ರಿ ಒಬ್ಬರೇ ಮರಳುವುದಾದರೆ ಟ್ಯಾಕ್ಸಿ ಹಿಡಿಯಿರಿ.

ಆರೇಳನೆಯ ದಿನ ಒಂದು ಮಂಕು ಕವಿಯುತ್ತದೆ. ಎಲ್ಲ ಚರ್ಚುಗಳೂ ಒಂದೇ ಎನಿಸುತ್ತದೆ, ಮನೆ ನೆನಪಾಗುತ್ತದೆ. ಇದಕ್ಕಾಗಿಯೇ ಕೊಯಿಂಬ್ರಾದ ಎರಡನೆಯ ದಿನವನ್ನು ಅರ್ಧ ಖಾಲಿ ಬಿಡಿ. ಬಟ್ಟೆ ತೊಳೆಯುವ ಅಂಗಡಿಗೆ ಹೋಗಿ ಯಂತ್ರ ತಿರುಗುವುದನ್ನು ನೋಡುತ್ತಾ ಕೂತಿದ್ದೆ. ಪಕ್ಕದಲ್ಲಿ ಕೂತ ವಿದ್ಯಾರ್ಥಿ ನಾಣ್ಯ ಎಲ್ಲಿ ಹಾಕಬೇಕೆಂದು ತೋರಿಸಿ, ತನ್ನ ಊರಿನ ಬಗ್ಗೆ ನಲವತ್ತು ನಿಮಿಷ ಮಾತಾಡಿದ. ಇಡೀ ಪ್ರವಾಸದ ಅತಿ ದೀರ್ಘ ಸಂಭಾಷಣೆ ಅದೇ. ಮಾತು ಶುರುವಾಗಲು ‘ಬೊಂ ದೀಯಾ’ ಸಾಕು. ಧನ್ಯವಾದಕ್ಕೆ ಗಂಡಸರು ‘ಒಬ್ರಿಗಾದು’, ಹೆಂಗಸರು ‘ಒಬ್ರಿಗಾದಾ’. ಸ್ಪ್ಯಾನಿಷ್ ಪದಗಳನ್ನು ಮಾತ್ರ ಬಳಸಬೇಡಿ, ಮುಖ ಗಂಟಾಗುತ್ತದೆ.

ಹೊರಡುವ ದಿನ

ಪೋರ್ಟೊದ ನಡುವಿನ ತ್ರಿಂದಾದ್ ನಿಲ್ದಾಣದಿಂದ ನೇರಳೆ ಮೆಟ್ರೊ ಮಾರ್ಗ ಸುಮಾರು ಅರ್ಧ ಗಂಟೆಯಲ್ಲಿ ವಿಮಾನ ನಿಲ್ದಾಣ ಮುಟ್ಟಿಸುತ್ತದೆ. ಮೂರು ಗಂಟೆ ಮೊದಲೇ ಹೋಗಿ. ಹೊರಹೋಗುವಾಗಲೂ ಬೆರಳಚ್ಚಿನ ಸಾಲಿರುತ್ತದೆ. ನೀವು ವಿಮಾನ ಬದಲಿಸುವ ಊರು ಷೆಂಗೆನ್‌ನಲ್ಲೇ ಇದ್ದರೆ ಆ ಸಾಲು ಅಲ್ಲಿ ಸಿಗುತ್ತದೆ. ಉಳಿದ ಚಿಲ್ಲರೆಯನ್ನು ಕಾಫಿಗೆ ಮುಗಿಸಿ, ನಾಣ್ಯಗಳನ್ನು ಬೆಂಗಳೂರಿನಲ್ಲಿ ಯಾರೂ ಕೊಳ್ಳುವುದಿಲ್ಲ. ಕೋಣೆ ಬಿಡುವ ಮುನ್ನ ಜೇಬು ಮುಟ್ಟಿ ನೋಡಿಕೊಳ್ಳಿ. ನಾನು ಮೆಟ್ರೊ ಹತ್ತಿದ ಮೇಲೆ ನೋಡಿದೆ, ಚಾವಿ ನನ್ನ ಹತ್ತಿರವೇ ಇತ್ತು. ಇಳಿದು, ಎದುರಿನ ರೈಲು ಹಿಡಿದು, ಕೊಟ್ಟು ಬಂದೆ. ಮೂರು ಗಂಟೆ ಮೊದಲು ಹೊರಟದ್ದಕ್ಕೆ ವಿಮಾನ ಸಿಕ್ಕಿತು.